ನಾಲ್ಕೂವರೆ ಗಜ ಉಣ್ಣೆ, ಒಂದು ಬೆಲ್ಟು: ಸ್ಕಾಟ್ಲೆಂಡಿನ ಗ್ರೇಟ್ ಕಿಲ್ಟ್ ಉಡುವ ಮತ್ತು ನಿಭಾಯಿಸುವ ಬಗೆ

ಸ್ಕಾಟ್ಲೆಂಡಿನ ಮದುವೆಗಳಲ್ಲಿಯೂ ಬ್ಯಾಗ್‌ಪೈಪ್ ಮೇಳಗಳಲ್ಲಿಯೂ ಇಂದು ಕಾಣುವ ಕಿಲ್ಟ್ ದರ್ಜಿಯ ಕೈಯಲ್ಲಿಯೇ ಪೂರ್ತಿಯಾಗುವ ಉಡುಪು. ಅದರ ನೆರಿಗೆಗಳನ್ನು ಹೊಲಿದು ಕೂರಿಸಿರುತ್ತಾರೆ, ಪಕ್ಕದಲ್ಲಿ ಪಟ್ಟಿ ಮತ್ತು ಬಕಲು ಇರುತ್ತವೆ, ಸೊಂಟಕ್ಕೆ ಸುತ್ತಿ ಬಿಗಿದರೆ ಕೆಲಸ ಮುಗಿಯಿತು. ಅದಕ್ಕಿಂತ ಹಳೆಯದಾದ ಗ್ರೇಟ್ ಕಿಲ್ಟಿನ ರೀತಿಯೇ ಬೇರೆ. ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್ ಎಂದು ಕರೆಯುವ ಇದು ಪೆಟ್ಟಿಗೆಯಲ್ಲಿರುವಷ್ಟು ಹೊತ್ತೂ ಬರಿಯ ಒಂದು ಉದ್ದನೆಯ ಉಣ್ಣೆಬಟ್ಟೆ; ಬೆಲ್ಟ್ ಬಿಗಿದ ಗಳಿಗೆಯಿಂದ ಬಿಚ್ಚುವ ಗಳಿಗೆಯವರೆಗೆ ಮಾತ್ರ ಅದು ಉಡುಪು. ಬೆಲ್ಟಿನ ಕೆಳಗಿನ ಭಾಗ ಮೊಣಕಾಲಿನವರೆಗೆ ನೆರಿಗೆಯ ಲಂಗದಂತೆ ಇಳಿಯುತ್ತದೆ, ಮೇಲಿನ ಭಾಗ ಸಂದರ್ಭಕ್ಕೆ ತಕ್ಕಂತೆ ಹೊದಿಕೆಯೂ ಕೊಪ್ಪೆಯೂ ಜೇಬೂ ರಾತ್ರಿಯ ಕಂಬಳಿಯೂ ಆಗುತ್ತದೆ. ಸೀರೆ ಅಥವಾ ಕಚ್ಚೆಪಂಚೆ ಉಡುವುದನ್ನು ನೋಡುತ್ತ ಬೆಳೆದ ನಮಗೆ ಈ ತತ್ವ ಹೊಸದೇನಲ್ಲ. ಕೈಯ ರೂಢಿ ಮಾತ್ರ ಬೇರೆ, ಏಕೆಂದರೆ ಇಲ್ಲಿ ನೆರಿಗೆ ಬೆನ್ನಿನ ಕಡೆಗೆ ಬರುತ್ತದೆ, ಗಂಟು ಇರುವುದಿಲ್ಲ, ಮತ್ತು ಹೆಚ್ಚುಕಡಿಮೆ ಎರಡು ಕಿಲೋ ತೂಗುವ ಬಟ್ಟೆಯನ್ನು ದಿನವಿಡೀ ಹಿಡಿದಿಡುವ ಹೊಣೆ ಒಂದೇ ಒಂದು ಬೆಲ್ಟಿನ ಮೇಲೆ ಬೀಳುತ್ತದೆ.

ಈ ಉಡುಪಿನ ಮೊದಲ ಸ್ಪಷ್ಟ ವರ್ಣನೆ ಸಿಗುವುದು ಸ್ಕಾಟ್ಲೆಂಡಿನಲ್ಲಲ್ಲ, ಐರ್ಲೆಂಡಿನಲ್ಲಿ. 1594ರಲ್ಲಿ ಅಲ್ಲಿನ ನಾಯಕ ರೆಡ್ ಹ್ಯೂ ಓ'ಡಾನೆಲ್‌ನ ಪರವಾಗಿ ಕಾದಾಡಲು ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಿಂದ ಬಂದ ಕೂಲಿಸೈನಿಕರು ಬಣ್ಣಬಣ್ಣದ ಹೊದಿಕೆಯನ್ನು ಮೀನಖಂಡದವರೆಗೆ ಇಳಿಬಿಟ್ಟು, ಅದರ ಮೇಲೆಯೇ ಸೊಂಟಕ್ಕೆ ಪಟ್ಟಿ ಬಿಗಿದಿದ್ದರೆಂದೂ ಐರಿಷ್ ಸೈನಿಕರ ನಡುವೆ ಅವರನ್ನು ಅದರಿಂದಲೇ ಗುರುತಿಸಬಹುದಿತ್ತೆಂದೂ ಆ ವರ್ಣನೆ ಹೇಳುತ್ತದೆ. ಮುಂದೆ 18ನೆಯ ಶತಮಾನದಲ್ಲಿ ಬೆಲ್ಟಿನ ಕೆಳಗಿನ ಭಾಗವಷ್ಟೇ ಬೇರೆಯಾಗಿ ಫೇಲೆ ಬೆಗ್, ಅಂದರೆ ಚಿಕ್ಕ ಕಿಲ್ಟ್ ಬಳಕೆಗೆ ಬಂತು. ದೊರೆಯ ವಿರುದ್ಧ ದಂಗೆಯೆದ್ದವರು ಕಲೋಡನ್ ಕದನದಲ್ಲಿ ಸೋತ ಬಳಿಕ 1746ರಲ್ಲಿ ಬ್ರಿಟಿಷ್ ಸಂಸತ್ತು ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲೆಂಡ್ ಪ್ರದೇಶದ ಗಂಡಸರ ಉಡುಪನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯ ತಪ್ಪಿಗೆ ಏಳು ವರ್ಷಗಳ ಗಡಿಪಾರು. ಸೈನ್ಯದ ಹೈಲೆಂಡ್ ದಳಗಳಿಗೆ ಈ ನಿಷೇಧ ತಗಲಲಿಲ್ಲ. 1782ರಲ್ಲಿ ಕಾನೂನು ರದ್ದಾಗುವ ಹೊತ್ತಿಗೆ ದೊಡ್ಡ ಕಿಲ್ಟು ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿತ್ತು. ಇಂದು ಅದನ್ನು ಉಡುವವರು ಹೈಲೆಂಡ್ ಕ್ರೀಡಾಕೂಟಗಳಿಗೆ ಹೋಗುವವರು, ಇತಿಹಾಸದ ಮರುಪ್ರದರ್ಶನ ಮಾಡುವವರು, ಮದುವೆಯಲ್ಲಿ ಸ್ವಲ್ಪ ಬೇರೆಯಾಗಿ ಕಾಣಬಯಸುವವರು. ನಡುವೆ ಸುಮಾರು ಎರಡು ಶತಮಾನಗಳ ಕಾಲ ಮನೆಯ ಹಿರಿಯರಿಂದ ಕಿರಿಯರಿಗೆ ದಾಟಬೇಕಾದ ಕೈಚಳಕ ತುಂಡಾಗಿರುವುದರಿಂದ, ಅಲ್ಲಿನವರಿಗೂ ಇದನ್ನು ಹೇಳಿಕೊಡಬೇಕಾಗುತ್ತದೆ.

ಬಟ್ಟೆ ಆರಿಸುವುದು

ಕೊಳ್ಳುವವರು ಮಾಡುವ ಮೊದಲ ತಪ್ಪು ಅಳತೆಯದು. ಗ್ರೇಟ್ ಕಿಲ್ಟಿಗೆ ಒಂಬತ್ತು ಗಜ ಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಹಳೆಯ ಕೈಮಗ್ಗಗಳಲ್ಲಿ ಬಟ್ಟೆಯ ಅಗಲ 25ರಿಂದ 30 ಇಂಚು ಮಾತ್ರ ಇರುತ್ತಿತ್ತು. ಒಂಬತ್ತು ಗಜವನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನು ಉದ್ದಕ್ಕೂ ಅಂಚಿಗೆ ಅಂಚು ಸೇರಿಸಿ ಹೊಲಿದಾಗ ನಾಲ್ಕೂವರೆ ಗಜ ಉದ್ದ ಮತ್ತು 50ರಿಂದ 60 ಇಂಚು ಅಗಲದ ಹೊದಿಕೆ ಸಿದ್ಧವಾಗುತ್ತಿತ್ತು. ಇಂದಿನ ಗಿರಣಿಗಳು 54ರಿಂದ 60 ಇಂಚು ಅಗಲದ ಬಟ್ಟೆಯನ್ನೇ ನೇಯುವುದರಿಂದ 36 ಇಂಚಿನ ಆಸುಪಾಸಿನ ಸೊಂಟದವರಿಗೆ ನಾಲ್ಕೂವರೆ ಗಜ ಸಾಕು, 42 ಇಂಚು ದಾಟಿದವರು ಐದರಿಂದ ಐದೂವರೆ ಗಜ ತೆಗೆದುಕೊಳ್ಳಬಹುದು. ಮಾತನ್ನು ಅಕ್ಷರಶಃ ನಂಬಿ ದೊಡ್ಡ ಅಗಲದಲ್ಲಿಯೇ ಒಂಬತ್ತು ಗಜ ತಂದವರು ಮೂರು ಕಿಲೋಗೂ ಮೀರಿದ ಹೊರೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಬೆನ್ನ ಹಿಂದೆ ದಿಂಬು ಇಟ್ಟುಕೊಂಡವರಂತೆ ಓಡಾಡಬೇಕಾಗುತ್ತದೆ.

ದಪ್ಪವನ್ನು ಅಲ್ಲಿನ ಅಂಗಡಿಗಳು ಒಂದು ಗಜಕ್ಕೆ ಎಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತವೆ. ಎಂಟು ಔನ್ಸಿನ ಬಟ್ಟೆ ಶಾಲಿಗೆ ಚೆನ್ನ, ಕಿಲ್ಟಿಗೆ ಅದು ತೀರ ಹಗುರ. ಗಾಳಿಗೆ ಹಾರುತ್ತದೆ, ನೆರಿಗೆ ನಿಲ್ಲುವುದಿಲ್ಲ. ಹದಿನಾರು ಔನ್ಸಿನದು ಚಳಿಗಾಲದ ಬಯಲಿಗೆ ಒಗ್ಗುತ್ತದೆ, ಬಿಸಿ ಮಾಡಿದ ಸಭಾಂಗಣದಲ್ಲಿ ಬೆವರಿಳಿಸುತ್ತದೆ. ಹದಿಮೂರು ಔನ್ಸ್ ನನ್ನ ಮಟ್ಟಿಗೆ ಸರಿಯಾದ ಹದ, ನಾಲ್ಕೂವರೆ ಗಜಕ್ಕೆ ಅದರ ತೂಕ ಸುಮಾರು 1.7 ಕಿಲೋ ಆಗುತ್ತದೆ. ಬೆಲೆ ನೋಡಿ ಅಕ್ರಿಲಿಕ್ ಬಟ್ಟೆಗೆ ಮನಸೋಲಬಾರದು. ಉಣ್ಣೆಯ ಎಳೆಯ ಮೈ ಒರಟಾಗಿರುವುದರಿಂದ ಬೆಲ್ಟಿನ ಕೆಳಗೆ ಒಂದು ಮಡಿಕೆ ಇನ್ನೊಂದನ್ನು ಕಚ್ಚಿ ಹಿಡಿಯುತ್ತದೆ, ಕೃತಕ ಎಳೆ ಜಾರುತ್ತದೆ. ಮೇಲಾಗಿ ಬೆಂಕಿಯ ಕಿಡಿ ತಗುಲಿದರೆ ಉಣ್ಣೆ ಕರಕಲಾಗಿ ನಂದುತ್ತದೆ, ಅಕ್ರಿಲಿಕ್ ಕರಗಿ ಮೈಗೆ ಅಂಟುತ್ತದೆ.

ಬಟ್ಟೆಯ ಉದ್ದದ ಎರಡು ಅಂಚುಗಳು ಮಗ್ಗದಿಂದ ಬಂದ ಗಟ್ಟಿ ಅಂಚುಗಳೇ ಆಗಿರಬೇಕು, ಏಕೆಂದರೆ ಅವುಗಳಲ್ಲಿ ಒಂದು ಮೊಣಕಾಲಿನ ಮೇಲೆ ಕಿಲ್ಟಿನ ಕೆಳಗಿನ ಅಂಚಾಗುತ್ತದೆ ಮತ್ತು ಅದನ್ನು ಮಡಿಸಿ ಹೊಲಿಯುವ ರೂಢಿ ಇಲ್ಲ. ಕತ್ತರಿಸಿದ ಎರಡು ತುದಿಗಳನ್ನು ಮಾತ್ರ ಸಣ್ಣಗೆ ಮಡಿಸಿ ಹೊಲಿಸಿ, ಅಥವಾ ಎಳೆ ಬಿಡಿಸಿ ಕುಚ್ಚು ಮಾಡಿ.

ಟಾರ್ಟನ್ ಚೌಕುಳಿಯ ವಿಷಯದಲ್ಲಿ ಹೊಸಬರಿಗೆ ಅನಗತ್ಯ ಅಳುಕಿರುತ್ತದೆ. ಒಂದೊಂದು ಕುಲಕ್ಕೆ ಒಂದೊಂದು ನಿಗದಿತ ವಿನ್ಯಾಸ ಎಂಬ ಪದ್ಧತಿ ಗಟ್ಟಿಯಾದದ್ದು 19ನೆಯ ಶತಮಾನದಲ್ಲಿ. 1815ರಲ್ಲಿ ಲಂಡನ್ನಿನ ಹೈಲೆಂಡ್ ಸೊಸೈಟಿ ಕುಲದ ಮುಖ್ಯಸ್ಥರಿಂದ ಮಾದರಿ ತುಣುಕುಗಳನ್ನು ಕೇಳಿ ಪಡೆಯತೊಡಗಿತು, 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವದಿಂದ ಅದು ಜನಪ್ರಿಯವಾಯಿತು. ದೊಡ್ಡ ಕಿಲ್ಟು ದಿನಬಳಕೆಯಲ್ಲಿದ್ದ ಕಾಲದಲ್ಲಿ ಊರಿನ ನೇಕಾರ ನೇಯ್ದದ್ದನ್ನೇ ಉಡುತ್ತಿದ್ದರು. ಸ್ಕಾಟಿಷ್ ಸರ್ಕಾರದ ಟಾರ್ಟನ್ ನೋಂದಣಿ 2009ರಿಂದ ನಡೆಯುತ್ತಿದ್ದು, ಅದರಲ್ಲಿ ಊರು, ಪ್ರಾಂತ, ಸಂಸ್ಥೆಗಳ ವಿನ್ಯಾಸಗಳೂ ಇವೆ. ಕುಲದ ನಂಟು ಇಲ್ಲದವರಿಗೆ ಪ್ರಾಂತದ ಟಾರ್ಟನ್ ಅಥವಾ ಕಂದು, ಹಸಿರು, ಬೂದುಬಣ್ಣದ ಸಾದಾ ಚೌಕುಳಿ ಮುಜುಗರವಿಲ್ಲದ ಆಯ್ಕೆ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲು, ಅದನ್ನು ಬಿಟ್ಟುಬಿಡಿ.

ಜೊತೆಗೆ ಬೇಕಾದವು

ಎರಡರಿಂದ ಎರಡೂವರೆ ಇಂಚು ಅಗಲದ, ರಂಧ್ರಗಳಿರುವ ಗಟ್ಟಿ ಚರ್ಮದ ಬೆಲ್ಟು ಎಲ್ಲಕ್ಕಿಂತ ಮುಖ್ಯ. ಇಂದಿನ ಚಿಕ್ಕ ಕಿಲ್ಟಿಗೆಂದು ಮಾರುವ, ಒಳಗೆ ವೆಲ್ಕ್ರೋ ಅಂಟಿಸಿರುವ ಬೆಲ್ಟುಗಳು ಬರಿಯ ಅಲಂಕಾರಕ್ಕೆ. ಅವುಗಳಿಗೆ ಈ ಭಾರ ಹೊರುವ ಶಕ್ತಿ ಇಲ್ಲ. ನಾನು ಮೊದಲ ಬಾರಿ ಉಟ್ಟಾಗ ಅಂಥದ್ದೇ ಒಂದನ್ನು ಕಟ್ಟಿಕೊಂಡು ಮಹಡಿಯ ಮೆಟ್ಟಿಲು ಹತ್ತುವಾಗ ಬೆನ್ನ ಹಿಂದಿನ ನೆರಿಗೆಗಳು ಒಂದೊಂದಾಗಿ ಜಾರಿ ಹಿಮ್ಮಡಿಗೆ ಬಂದಿದ್ದವು, ಮೇಲಿನ ಮೆಟ್ಟಿಲು ಮುಟ್ಟುವ ಹೊತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಒಂದು ಕಂಬಳಿ.

ತೊಡೆಯವರೆಗೆ ಬರುವ ಉದ್ದನೆಯ ಲಿನನ್ ಅಥವಾ ಹತ್ತಿಯ ಅಂಗಿ, ಸೊಂಟದ ಹತ್ತಿರವೇ ಮುಗಿಯುವ ಗಿಡ್ಡ ಕೋಟು ಅಥವಾ ವೇಸ್ಟ್‌ಕೋಟು, ಮೊಣಕಾಲಿನ ಕೆಳಗೆ ನಿಲ್ಲುವ ಉಣ್ಣೆಯ ಕಾಲುಚೀಲ ಮತ್ತು ಅದನ್ನು ಕಟ್ಟುವ ಪಟ್ಟಿ, ಬೆಲ್ಟಿನ ಮುಂದೆ ತೂಗುವ ಸ್ಪಾರನ್ ಎಂಬ ಚರ್ಮದ ಚೀಲ, ಹೆಗಲ ಮೇಲೆ ಚುಚ್ಚಲು ಒಂದು ದೊಡ್ಡ ಬ್ರೋಚ್ ಅಥವಾ ಪಿನ್ನು ಇದ್ದರೆ ಉಡುಗೆ ಪೂರ್ತಿಯಾದಂತೆ. ಸಣ್ಣ ಬ್ರೋಚ್ ಬೇಡ, ಅದರ ಸೂಜಿ ಈ ಉಣ್ಣೆಯ ಮಡಿಕೆಗಳ ದಪ್ಪಕ್ಕೆ ಬಾಗುತ್ತದೆ. ಒಳಉಡುಪಿನ ಬಗ್ಗೆ ಜಗತ್ತಿಗೆಲ್ಲ ಇರುವ ಕುತೂಹಲಕ್ಕೆ ಇಲ್ಲಿ ಒಂದೇ ವಾಕ್ಯ ಸಾಕು: ಗಾಳಿ, ಮೆಟ್ಟಿಲು ಮತ್ತು ಕುರ್ಚಿಗಳಿರುವ ಈ ಲೋಕದಲ್ಲಿ ಗಿಡ್ಡನೆಯ ಕಡುಬಣ್ಣದ ಚಡ್ಡಿಯೊಂದನ್ನು ಹಾಕಿಕೊಳ್ಳುವುದು ಜಾಣತನ.

ಕಾಲುಚೀಲ, ಬೂಟು, ಅಂಗಿ ಇವೆಲ್ಲವನ್ನೂ ಕಿಲ್ಟಿಗಿಂತ ಮೊದಲೇ ತೊಟ್ಟು, ಬೂಟಿನ ದಾರ ಕಟ್ಟಿ ಮುಗಿಸಬೇಕು. ಬೆಲ್ಟ್ ಬಿಗಿದ ಮೇಲೆ ಬಗ್ಗಿ ದಾರ ಕಟ್ಟಲು ಹೊರಟರೆ ಅಲ್ಲಿಯವರೆಗಿನ ಶ್ರಮವೆಲ್ಲ ಮತ್ತೆ ಮಾಡಬೇಕಾಗುತ್ತದೆ.

ನೆಲದ ಮೇಲೆ ನೆರಿಗೆ ಹಾಕುವುದು

ಹದಿನೈದು ಅಡಿ ಉದ್ದ, ಆರು ಅಡಿ ಅಗಲದ ಸ್ವಚ್ಛ ನೆಲ ಬೇಕು. ಮೊದಲು ನಿಂತುಕೊಂಡು ಹೊಕ್ಕುಳಿನ ಮಟ್ಟದಿಂದ ಮೊಣಕಾಲಿನ ಚಿಪ್ಪಿನ ನಡುಭಾಗದವರೆಗೆ ಎಷ್ಟು ಇಂಚು ಎಂದು ಅಳೆದುಕೊಳ್ಳಿ. ಬಹುಪಾಲು ಜನರಿಗೆ ಅದು 22ರಿಂದ 25 ಇಂಚು ಇರುತ್ತದೆ. ಎದ್ದು ನಿಂತಾಗ ಭಾರಕ್ಕೆ ಬಟ್ಟೆ ಅರ್ಧ ಇಂಚೋ ಒಂದು ಇಂಚೋ ಜಾರುವುದರಿಂದ ಆ ಅಳತೆಯಲ್ಲಿ ಒಂದು ಇಂಚು ಕಳೆಯಿರಿ. ಬೆಲ್ಟನ್ನು ನೆಲದ ಮೇಲೆ ನೇರವಾಗಿ ಚಾಚಿ, ಅದರ ಮೇಲೆ ಬಟ್ಟೆಯನ್ನು ಅಡ್ಡಲಾಗಿ ಹಾಸಿ, ಬಟ್ಟೆಯ ಕೆಳಗಿನ ಅಂಚಿನಿಂದ ಬೆಲ್ಟಿನ ನಡುವಿಗೆ ನೀವು ಇಟ್ಟುಕೊಂಡ ಅಳತೆ ಸರಿಹೋಗುವಂತೆ ಹೊಂದಿಸಿಕೊಳ್ಳಿ. ಟಾರ್ಟನ್ ನೇಯ್ಗೆಯ ಎರಡೂ ಮೈ ಒಂದೇ ರೀತಿ ಕಾಣುವುದರಿಂದ ಯಾವ ಮೈ ಮೇಲೆ ಬರಬೇಕೆಂದು ಚಿಂತಿಸಬೇಕಾಗಿಲ್ಲ. ಬೆಲ್ಟಿನ ಗೆರೆ ಬಟ್ಟೆಯ ಚೌಕುಳಿಯ ಒಂದು ಅಡ್ಡಗೆರೆಗೆ ಸಮಾನಾಂತರವಾಗಿ ಇದೆಯೇ ಎಂದು ಈಗಲೇ ನೋಡಿಕೊಳ್ಳಬೇಕು. ಇಲ್ಲಿ ಎರಡು ಇಂಚು ಓರೆಯಾದರೆ ಉಟ್ಟಾಗ ಒಂದು ಕಡೆ ಮೊಣಕಾಲು ಕಾಣುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ.

ಈಗ ಲೆಕ್ಕ. ನಾಲ್ಕೂವರೆ ಗಜವೆಂದರೆ 162 ಇಂಚು. ಎಡತುದಿಯಲ್ಲಿ 24, ಬಲತುದಿಯಲ್ಲಿ 24 ಇಂಚು ಬಟ್ಟೆಯನ್ನು ನೆರಿಗೆಯಿಲ್ಲದೆ ಬಿಟ್ಟುಬಿಡಬೇಕು. ಇವೆರಡೂ ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಸಪಾಟು ಪದರಗಳು. ಉಳಿಯುವ 114 ಇಂಚು ಬೆನ್ನಿನ ಅರ್ಧ ಸುತ್ತಳತೆಗೆ ಕುಗ್ಗಬೇಕು. ಒಂದು ನೆರಿಗೆಗೆ ಆರು ಇಂಚು ಬಟ್ಟೆ ತೆಗೆದುಕೊಂಡು ಹೊರಗೆ ಒಂದು ಇಂಚು ಮಾತ್ರ ಕಾಣುವಂತೆ ಮಡಿಸಿದರೆ 19 ನೆರಿಗೆಗಳಾಗಿ, 36 ಇಂಚು ಸೊಂಟದವನ ಬೆನ್ನಿಗೆ ಸರಿಯಾಗಿ ಕೂರುತ್ತವೆ. ಸೊಂಟದ ಅಳತೆ ಬೇರೆಯಾದರೆ ಕಾಣುವ ಭಾಗವನ್ನು ಮುಕ್ಕಾಲು ಇಂಚಿಗೆ ಇಳಿಸಿಯೋ ಒಂದೂಕಾಲಿಗೆ ಏರಿಸಿಯೋ ಸರಿದೂಗಿಸಬಹುದು.

ನೆರಿಗೆಗಳೆಲ್ಲ ಒಂದೇ ದಿಕ್ಕಿಗೆ ಮಲಗಬೇಕು, ಹೆಂಚಿನ ಮಾಡಿನಲ್ಲಿ ಹೆಂಚು ಹೆಂಚಿನ ಮೇಲೆ ಕೂತ ಹಾಗೆ. ಸೀರೆಯ ನೆರಿಗೆಯನ್ನು ಬೆರಳುಗಳ ನಡುವೆ ಎತ್ತಿ ಹಿಡಿದು ಒಟ್ಟಿಗೆ ಸಿಕ್ಕಿಸುವ ಅಭ್ಯಾಸವಿದ್ದವರು ಇಲ್ಲಿ ಕೈ ತಡೆಯಬೇಕು. ಒಂದೊಂದು ಮಡಿಕೆಯನ್ನೂ ನೆಲದ ಮೇಲೆಯೇ ಮಲಗಿಸುತ್ತ ಸಾಗಬೇಕು. ಕೆಳಗಿನ ಅಂಚಿನಿಂದ ಬೆಲ್ಟಿನ ಗೆರೆಯನ್ನು ದಾಟಿ ಒಂದು ಗೇಣು ಮೇಲಿನವರೆಗೆ ನೆರಿಗೆ ನೇರವಾಗಿರಲಿ, ಅದರಾಚೆ ಅದು ಹೇಗೆ ಹರಡಿಕೊಂಡರೂ ಚಿಂತೆಯಿಲ್ಲ. ಐದಾರು ನೆರಿಗೆ ಮುಗಿದ ಕೂಡಲೇ ಅವುಗಳ ಮೇಲೆ ದಪ್ಪ ಪುಸ್ತಕವೊಂದನ್ನು ಇಟ್ಟರೆ ಮುಂದಿನವನ್ನು ಮಡಿಸುವಾಗ ಹಿಂದಿನವು ಬಿಚ್ಚಿಕೊಳ್ಳುವುದಿಲ್ಲ. ಚೌಕುಳಿಯ ಒಂದು ನಿರ್ದಿಷ್ಟ ಗೆರೆಯನ್ನೇ ಪ್ರತಿ ಬಾರಿ ಹಿಡಿದು ಮಡಿಸಿದರೆ ಬೆನ್ನಿನ ಕಡೆ ವಿನ್ಯಾಸ ಕೆಡದೆ ಮುಂದುವರಿದು ಚೆನ್ನಾಗಿ ಕಾಣುತ್ತದೆಂಬುದು ನಿಜ, ಆದರೆ ಅಷ್ಟು ಅಚ್ಚುಕಟ್ಟು ಹೊಲಿದ ಕಿಲ್ಟಿನ ಕಾಲದ ನಿರೀಕ್ಷೆ. ಒರಟಾಗಿ ಕೈಯಿಂದ ಒಟ್ಟುಮಾಡಿದ ನೆರಿಗೆಯೂ ದೊಡ್ಡ ಕಿಲ್ಟಿಗೆ ಒಪ್ಪುತ್ತದೆ.

ನೆಲದಲ್ಲಿ ಮಲಗಿ ಉಡುವ ಈ ಕ್ರಮವನ್ನೇ ಹಿಂದಿನ ಹೈಲೆಂಡ್ ಜನರೆಲ್ಲ ಪ್ರತಿ ಬೆಳಗ್ಗೆ ಪಾಲಿಸುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ವರ್ಷದ ಬಹುಪಾಲು ಒದ್ದೆಯಾಗಿರುವ ಆ ಬೆಟ್ಟಗಳಲ್ಲಿ, ನಡುವೆ ಒಲೆ ಉರಿಯುವ ಇಕ್ಕಟ್ಟಿನ ಗುಡಿಸಲುಗಳಲ್ಲಿ ಹದಿನೈದು ಅಡಿ ಒಣನೆಲ ಎಲ್ಲಿ ಸಿಗಬೇಕು? 19ನೆಯ ಶತಮಾನದ ಆರಂಭದಿಂದ ಉಳಿದುಬಂದ ಕೆಲವು ಮಾದರಿಗಳಲ್ಲಿ ಬೆಲ್ಟಿನ ಗೆರೆಯ ಉದ್ದಕ್ಕೂ ಒಳಮೈಯಲ್ಲಿ ಸಣ್ಣ ಕುಣಿಕೆಗಳನ್ನು ಹೊಲಿದಿರುವುದು ಕಾಣುತ್ತದೆ. ಅವುಗಳ ಮೂಲಕ ದಾರವನ್ನೋ ಒಳಪಟ್ಟಿಯನ್ನೋ ಹಾಯಿಸಿ, ಲಂಗದ ಲಾಡಿಯನ್ನು ಎಳೆದಂತೆ ಎಳೆದರೆ ನೆರಿಗೆಗಳು ತಾವಾಗಿಯೇ ಒಟ್ಟುಗೂಡುತ್ತವೆ, ನಿಂತುಕೊಂಡೇ ಉಟ್ಟು ಮೇಲೆ ಬೆಲ್ಟ್ ಬಿಗಿಯಬಹುದು. ಬೆನ್ನುನೋವಿರುವವರು, ಹೋಟೆಲಿನ ಚಿಕ್ಕ ಕೋಣೆಯಲ್ಲಿ ಉಡಬೇಕಾದವರು ಆರಾರು ಇಂಚಿಗೆ ಒಂದರಂತೆ ಇಂಥ ಕುಣಿಕೆಗಳನ್ನು ಹೊಲಿಸಿಟ್ಟುಕೊಳ್ಳುವುದು ಒಳ್ಳೆಯದು. ಆದರೂ ಮೊದಲ ನಾಲ್ಕೈದು ಬಾರಿ ನೆಲದ ಮೇಲೆಯೇ ಕಲಿಯಿರಿ, ಬಟ್ಟೆಯ ಯಾವ ಭಾಗ ಮೈಯ ಎಲ್ಲಿಗೆ ಬರುತ್ತದೆಂಬ ಅಂದಾಜು ಹಾಗೆಯೇ ಕೈಗೆ ಹತ್ತುತ್ತದೆ.

ಮಲಗಿ, ಸುತ್ತಿ, ಎದ್ದೇಳುವುದು

ನೆರಿಗೆಗಳನ್ನು ಕದಲಿಸದೆ ಅವುಗಳ ನಡುವೆ ಮೆಲ್ಲನೆ ಕುಳಿತು ಬೆನ್ನ ಮೇಲೆ ಮಲಗಿ. ಸೊಂಟ ಬೆಲ್ಟಿನ ಗೆರೆಯ ಮೇಲೆ, ಮೊಣಕಾಲಿನ ಹಿಂಬದಿ ಬಟ್ಟೆಯ ಕೆಳಗಿನ ಅಂಚಿನ ಮೇಲೆ ಬಂದಿರಬೇಕು. ಬಟ್ಟೆಯ ಮೇಲಿನ ಅಂಚು ಆಗ ನಿಮ್ಮ ತಲೆಯ ಹತ್ತಿರದಲ್ಲಿರುತ್ತದೆ. ಬಲಬದಿಯ ಸಪಾಟು ತುದಿಯನ್ನು ಮೊದಲು ಎತ್ತಿ ಹೊಟ್ಟೆಯ ಮೇಲಿಂದ ಎಡ ಸೊಂಟಕ್ಕೆ ತನ್ನಿ, ಅದರ ಮೇಲೆ ಎಡಬದಿಯ ತುದಿಯನ್ನು ಬಲ ಸೊಂಟಕ್ಕೆ ತನ್ನಿ. ಇಂದಿನ ಗಂಡಸರ ಕಿಲ್ಟಿನಲ್ಲಿ ಹೊರಪದರದ ಅಂಚು ಬಲಗಡೆಗೆ ಬರುತ್ತದೆ, ಅದನ್ನೇ ಇಲ್ಲಿಯೂ ಅನುಸರಿಸಿದರೆ ನೋಡುವವರ ಕಣ್ಣಿಗೆ ಸರಿಯೆನಿಸುತ್ತದೆ. ಎರಡೂ ಪದರಗಳನ್ನು ಬಿಗಿಯಾಗಿ ಎಳೆದು ಹಿಡಿದು, ಉಸಿರನ್ನು ಹೊರಬಿಟ್ಟು, ಪ್ಯಾಂಟಿನ ಬೆಲ್ಟಿಗಿಂತ ಒಂದು ರಂಧ್ರ ಹೆಚ್ಚು ಬಿಗಿಯಾಗಿ ಬಕಲು ಹಾಕಿ. ಬೆಲ್ಟ್ ಸೊಂಟದ ಮೂಳೆಗಳ ಮೇಲ್ಭಾಗದಲ್ಲಿ, ಹೊಟ್ಟೆ ಕಿರಿದಾಗುವಲ್ಲಿ ಇರಬೇಕು. ಜೀನ್ಸ್ ತೊಡುವ ಮಟ್ಟಕ್ಕೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಅದು ಪೃಷ್ಠದ ಮೇಲಿಂದ ಕೆಳಗಿಳಿಯತೊಡಗುತ್ತದೆ.

ನೇರವಾಗಿ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಆಮೇಲೆ ನಿಂತುಕೊಳ್ಳಿ. ನಿಂತ ಕೂಡಲೇ ಹೊಸಬರು ಗಾಬರಿಯಾಗುವ ದೃಶ್ಯವೊಂದು ಕಾಣುತ್ತದೆ. ಬೆಲ್ಟಿನ ಮೇಲಿದ್ದ ಸುಮಾರು ಮೂರು ಅಡಿ ಬಟ್ಟೆ ಸುತ್ತಲೂ ಹೊರಗೆ ಮಗುಚಿ ಬಿದ್ದು, ಒಳಗಿನ ಕಿಲ್ಟನ್ನು ಪೂರ್ತಿ ಮುಚ್ಚಿ, ಮೊಣಕಾಲಿನಿಂದ ಇನ್ನೂ ಒಂದಡಿ ಕೆಳಗೆ ನೇತಾಡುತ್ತದೆ. ಇದು ತಪ್ಪಲ್ಲ, ಆಗಬೇಕಾದದ್ದೇ ಹೀಗೆ. ಆ ಹೊರಬಟ್ಟೆಯನ್ನು ಎತ್ತಿ ಹಿಡಿದು ಕನ್ನಡಿಯಲ್ಲಿ ಒಳಗಿನ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿ ಇದೆಯೇ ನೋಡಿ, ಇಳಿದಿರುವ ಕಡೆ ಬೆಲ್ಟಿನ ಮೇಲಿಂದ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆಳೆದು ಸರಿಪಡಿಸಿಕೊಳ್ಳಿ. ಕೋಟು ಅಥವಾ ವೇಸ್ಟ್‌ಕೋಟು ತೊಡುವ ಸಮಯ ಇದೇ.

ಮೇಲಿನ ಅರ್ಧ

ಈ ಉಡುಪಿನ ನಿಜವಾದ ಸೊಗಸೂ ಉಪಯೋಗವೂ ಇರುವುದು ಬೆಲ್ಟಿನ ಮೇಲಿನ ಭಾಗದಲ್ಲಿ. ಅದನ್ನು ಹೇಗೋ ಹೆಗಲಿಗೆ ಸಿಕ್ಕಿಸಿ ಮರೆತುಬಿಡುವವರು ಚಿಕ್ಕ ಕಿಲ್ಟನ್ನೇ ಉಡಬಹುದು.

ಸಾಮಾನ್ಯ ದಿನದ ಕ್ರಮ ಹೀಗಿದೆ. ಮುಂಭಾಗದಲ್ಲಿ ಬಲ ಸೊಂಟದ ಬಳಿ ನೇತಾಡುವ ಮೂಲೆಯನ್ನು ಹಿಡಿದು, ಒಳಮುಖವಾಗಿ ಮಡಿಸಿ, ಬೆನ್ನಿನ ಬಲಬದಿಗೆ ಒಯ್ದು ಬೆಲ್ಟಿಗೆ ಸಿಕ್ಕಿಸಿ. ಆಗ ಬಲಪಕ್ಕದಲ್ಲಿ ಜೋಲುವ ಚೀಲದಂಥ ಒಂದು ಜೇಬು ಉಂಟಾಗುತ್ತದೆ. ದಾರಿಯ ಬುತ್ತಿಯಿಂದ ಹಿಡಿದು ಕೈಗವಸಿನವರೆಗೆ ಬೇಕಾದ್ದನ್ನು ಅದರಲ್ಲಿ ಹಾಕಬಹುದು, ಭಾರವಾದ ಮೊಬೈಲ್ ಫೋನನ್ನು ಮಾತ್ರ ಸ್ಪಾರನ್ನಿನಲ್ಲಿ ಇಟ್ಟುಕೊಳ್ಳಿ. ಎಡಬದಿಯಲ್ಲಿಯೂ ಅದನ್ನೇ ಮಾಡಿ. ಬಳಿಕ ಬೆನ್ನ ಹಿಂದೆ ಉಳಿದ ಬಟ್ಟೆಯ ಮೇಲಂಚಿನ ನಡುಭಾಗವನ್ನು ಕೈಗೆ ಸಿಗುವಷ್ಟು ಗುಪ್ಪೆಯಾಗಿ ಹಿಡಿದು, ಸೆರಗನ್ನು ತರುವ ಹಾಗೆ ಎಡಹೆಗಲ ಮೇಲೆ ತಂದು, ಹೆಗಲ ಮುಂಬದಿಯಲ್ಲಿ ಬ್ರೋಚಿನಿಂದ ಚುಚ್ಚಿ. ಬರಿಯ ಅಂಗಿಗೆ ಚುಚ್ಚಿದರೆ ಭಾರಕ್ಕೆ ಲಿನನ್ ಹರಿಯುತ್ತದೆ, ಕೋಟಿನ ದಪ್ಪ ಬಟ್ಟೆಗೆ ಚುಚ್ಚಬೇಕು. ಕುಳಿತಾಗ, ಬಗ್ಗಿದಾಗ ಎಳೆಯದಂತೆ ಬೆನ್ನ ಮೇಲೆ ಒಂದು ಹಿಡಿ ಬಟ್ಟೆ ಸಡಿಲವಾಗಿಯೇ ಇರಲಿ.

ಎಡಹೆಗಲೇ ಏಕೆ ಎಂಬ ಪ್ರಶ್ನೆಗೆ ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ 1703ರಲ್ಲಿಯೇ ಉತ್ತರ ಬರೆದಿಟ್ಟಿದ್ದಾನೆ: ಬಟ್ಟೆಯ ಎರಡು ತುದಿಗಳೂ ಎಡತೋಳಿನ ಮೇಲೆ ಬರುತ್ತವೆ, ಬಲಗೈ ಯಾವ ಕೆಲಸಕ್ಕೂ ಮುಕ್ತವಾಗಿರುತ್ತದೆ. ನಡಿಗೆಯ ಪ್ರಯಾಣದಲ್ಲಿ ಅದನ್ನು ಮೂಳೆಯ ಅಥವಾ ಮರದ ಮುಳ್ಳಿನಿಂದ ಎದೆಯ ಮೇಲೆ ಸೇರಿಸುತ್ತಿದ್ದರೆಂದೂ ಅವನು ಹೇಳುತ್ತಾನೆ. ಹಾಗಾಗಿ ಬೆಳ್ಳಿಯ ಬ್ರೋಚ್ ಇಲ್ಲದವರು ಗಟ್ಟಿಯಾದ ಮರದ ಕಡ್ಡಿ ಬಳಸಿದರೆ ಅದು ಬಡತನದ ಗುರುತಲ್ಲ, ಹಳೆಯ ಪದ್ಧತಿಯೇ.

ಚಳಿ ಹೆಚ್ಚಾದರೆ ಪಿನ್ನು ತೆಗೆದು, ಹಿಂದಿನ ಬಟ್ಟೆಯನ್ನು ಎರಡೂ ಹೆಗಲ ಮೇಲೆ ಹೊದ್ದು ಎದೆಯ ನಡುವೆ ಸೇರಿಸಿ. ಮಳೆ ಬಂದರೆ ಅದೇ ಬಟ್ಟೆಯ ಮೇಲಂಚನ್ನು ತಲೆಯ ಮೇಲೆ ಎಳೆದುಕೊಳ್ಳಿ. ಮಲೆನಾಡಿನ ಗದ್ದೆಗಳಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡವರನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ, ಆದರೆ ಆ ತೇವದ ತೂಕವನ್ನು ಬೆಲ್ಟು ಹೊರಬೇಕಾಗುವುದರಿಂದ ಮಳೆಯಲ್ಲಿ ನಡೆಯುವಾಗ ಇನ್ನೊಂದು ರಂಧ್ರ ಬಿಗಿದುಕೊಳ್ಳಿ. ಸೆಕೆಯಾದರೆ ಹೆಗಲಿನದನ್ನು ಇಳಿಸಿ ಬೆನ್ನ ಹಿಂದೆ ಬೆಲ್ಟಿಗೆ ಪೂರ್ತಿ ಸಿಕ್ಕಿಸಿಬಿಡಬಹುದು.

ಉಟ್ಟುಕೊಂಡು ದಿನ ಕಳೆಯುವುದು

ಮೊದಲ ಇಪ್ಪತ್ತು ನಿಮಿಷಗಳಲ್ಲಿ ಉಣ್ಣೆಯ ಪದರಗಳು ಅದುಮಿಕೊಂಡು ಬೆಲ್ಟು ಸಡಿಲವಾಗುತ್ತದೆ. ಮನೆಯಿಂದ ಹೊರಡುವ ಮೊದಲೇ ಇಷ್ಟು ಹೊತ್ತು ಓಡಾಡಿ ಮತ್ತೊಮ್ಮೆ ಬಿಗಿದುಕೊಂಡರೆ ದಾರಿಯಲ್ಲಿ ಪೇಚಾಟವಿರುವುದಿಲ್ಲ.

ಕೂರುವಾಗ ಎರಡೂ ಅಂಗೈಗಳಿಂದ ಹಿಂದಿನ ನೆರಿಗೆಗಳನ್ನು ತೊಡೆಯ ಕೆಳಗೆ ಸವರಿಕೊಂಡು ಕುಳಿತುಕೊಳ್ಳಿ, ಮುಂದಿನ ಪದರವನ್ನು ಮೊಣಕಾಲುಗಳ ನಡುವೆ ತಗ್ಗಿಸಿ ಅದರ ಮೇಲೆ ಸ್ಪಾರನ್ ಬರುವಂತೆ ನೋಡಿಕೊಳ್ಳಿ. ಆ ಚೀಲದ ತೂಕ ಮರ್ಯಾದೆ ಕಾಯುವ ಕೆಲಸವನ್ನೂ ಮಾಡುತ್ತದೆ. ಕಾರು ಹತ್ತುವ ಮೊದಲು ಹೆಗಲ ಪಿನ್ನು ತೆಗೆಯಬೇಕು, ಇಲ್ಲವಾದರೆ ಸೀಟುಬೆಲ್ಟ್ ಅದರ ಮೇಲೆಯೇ ಹಾದು ಎದೆಗೆ ಒತ್ತುತ್ತದೆ. ಎಸ್ಕಲೇಟರಿನಲ್ಲಿ ನೇತಾಡುವ ಮೂಲೆಗಳನ್ನೆಲ್ಲ ಕೈಯಲ್ಲಿ ಎತ್ತಿ ಹಿಡಿಯಿರಿ. ಇದನ್ನು ತಮಾಷೆಯ ಮಾತೆಂದು ಬಿಡಬೇಡಿ, ಬಟ್ಟೆಯ ತುದಿ ಹಲ್ಲುಗಳಿಗೆ ಸಿಕ್ಕಿದರೆ ಬೆಲ್ಟು ಬಿಚ್ಚುವಷ್ಟು ಸಮಯ ಸಿಗುವುದಿಲ್ಲ. ಶೌಚಾಲಯದಲ್ಲಿ ಮೊದಲು ಮೇಲಿನ ಬಟ್ಟೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಆಮೇಲೆ ಹಿಂದಿನ ನೆರಿಗೆಗಳನ್ನು ಮೊತ್ತವಾಗಿ ಮೇಲಕ್ಕೆತ್ತಿ ಮುಂದಕ್ಕೆ ತಂದು ಮಡಿಲಲ್ಲಿಟ್ಟುಕೊಳ್ಳಿ. ಬೆಲ್ಟನ್ನು ಬಿಚ್ಚುವ ಗೋಜಿಗೆ ಹೋಗಬೇಡಿ, ಅಲ್ಲಿ ಮತ್ತೆ ನೆರಿಗೆ ಹಾಕಲು ಸ್ಥಳವಿರುವುದಿಲ್ಲ. ಕೇಲಿ ಎಂಬ ಸ್ಕಾಟಿಷ್ ಗುಂಪುನೃತ್ಯವಿರುವ ಮದುವೆಗೆ ಈ ಉಡುಪು ಸಲ್ಲದು ಎಂದೇ ನನ್ನ ಅಭಿಪ್ರಾಯ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹೆಗಲಿನ ಬಟ್ಟೆ ಜೊತೆಗಾರರ ಮುಖಕ್ಕೆ ಬಡಿಯುತ್ತದೆ.

ಕಾಲುಚೀಲದಲ್ಲಿ ಸಿಕ್ಕಿಸುವ ಸ್ಗಿಯನ್ ದೂ ಎಂಬ ಸಣ್ಣ ಚೂರಿ ದೊಡ್ಡ ಕಿಲ್ಟಿನ ಕಾಲದ್ದಲ್ಲ, 19ನೆಯ ಶತಮಾನದ ಚಿಕ್ಕ ಕಿಲ್ಟಿನ ಜೊತೆಗಾರ. ಹಳಬರು ಬೆಲ್ಟಿನಲ್ಲಿ ಡರ್ಕ್ ಎಂಬ ಉದ್ದನೆಯ ಬಾಕು ಧರಿಸುತ್ತಿದ್ದರು. ರಾಷ್ಟ್ರೀಯ ಉಡುಪಿನ ಭಾಗವಾಗಿ ಚೂರಿ ಧರಿಸಲು ಅಲ್ಲಿನ ಕಾನೂನು ಆಸ್ಪದ ಕೊಡುತ್ತದೆ, ಆದರೆ ವಿಮಾನದ ಕೈಚೀಲದಲ್ಲಿ ಅದಕ್ಕೆ ಜಾಗವಿಲ್ಲ. ಮರದ ಹಿಡಿಗೆ ಪ್ಲಾಸ್ಟಿಕ್ ಅಲಗಿನ ನಕಲು ಸಾಕು.

ಬಯಲಿನಲ್ಲಿ ರಾತ್ರಿ ಕಳೆಯುವ ಹವ್ಯಾಸಿಗಳು ಬೆಲ್ಟ್ ಬಿಚ್ಚಿದರೆ ನಾಲ್ಕೂವರೆ ಗಜದ ಹೊದಿಕೆ ಕೈಗೆ ಬರುತ್ತದೆ. 18ನೆಯ ಶತಮಾನದ ಮೊದಲ ಭಾಗದಲ್ಲಿ ಹೈಲೆಂಡಿನಲ್ಲಿದ್ದ ಇಂಗ್ಲಿಷ್ ಅಧಿಕಾರಿ ಎಡ್ಮಂಡ್ ಬರ್ಟ್, ಚಳಿಗಾಳಿಯಲ್ಲಿ ಮಲಗಬೇಕಾದಾಗ ಜನರು ಇದನ್ನು ಹೊಳೆಯಲ್ಲಿ ಅದ್ದಿ, ಒಂದು ಮೂಲೆಯನ್ನು ತಲೆಯ ಮೇಲೆ ಹಿಡಿದು, ತಮ್ಮ ಸುತ್ತ ತಾವೇ ತಿರುಗುತ್ತ ಪೂರ್ತಿ ಸುತ್ತಿಕೊಂಡು ಮಲಗುತ್ತಿದ್ದರೆಂದು ಬರೆದಿದ್ದಾನೆ. ನೆನೆದ ಉಣ್ಣೆ ಉಬ್ಬಿ ಗಾಳಿಯನ್ನು ತಡೆಯುತ್ತಿತ್ತಂತೆ. ಸುತ್ತಿಕೊಳ್ಳುವ ಕ್ರಮವನ್ನು ಕಲಿಯಿರಿ, ನೆನೆಸುವುದನ್ನು ಅವರಿಗೇ ಬಿಡಿ. ಬೇಗ ಬಿಚ್ಚಬಹುದಾದ ಈ ಗುಣ ಯುದ್ಧದಲ್ಲಿಯೂ ಒದಗಿತ್ತು: 1689ರಲ್ಲಿ ಕಿಲ್ಲಿಕ್ರ್ಯಾಂಕಿ ಕದನದಲ್ಲಿ ಹೈಲೆಂಡ್ ಪಡೆ ಹೊದಿಕೆಗಳನ್ನು ಕಳಚಿ ಎಸೆದು, ಅಂಗಿಯಲ್ಲಿಯೇ ಇಳಿಜಾರಿನಿಂದ ಶತ್ರುಗಳ ಮೇಲೆ ನುಗ್ಗಿತು.

ಬಿಚ್ಚಿದ ಮೇಲೆ

ಮೊದಲು ಪಿನ್ನು, ಬಳಿಕ ಸ್ಪಾರನ್, ಕೊನೆಗೆ ಬೆಲ್ಟ್. ಈ ಕ್ರಮ ತಪ್ಪಿ ಬೆಲ್ಟನ್ನೇ ಮೊದಲು ಬಿಚ್ಚಿದರೆ ಪೂರ್ತಿ ಭಾರ ಹೆಗಲ ಪಿನ್ನಿಗೆ ಬಿದ್ದು ಕೋಟು ಹರಿಯುತ್ತದೆ. ಬಟ್ಟೆಯನ್ನು ಚೆನ್ನಾಗಿ ಕೊಡವಿ, ಒಂದು ರಾತ್ರಿ ಹಗ್ಗದ ಮೇಲೆ ಅಗಲವಾಗಿ ಹರಡಿ ಗಾಳಿಯಾಡಲು ಬಿಡಿ. ಬೆವರಿನ ವಾಸನೆ ಬಹುಪಾಲು ಅಷ್ಟಕ್ಕೇ ಹೋಗುತ್ತದೆ. ಕೆಸರು ಹತ್ತಿದ್ದರೆ ಒದ್ದೆಯಿರುವಾಗ ಉಜ್ಜದೆ, ಪೂರ್ತಿ ಒಣಗಿಸಿ ಬ್ರಷ್‌ನಿಂದ ಉದುರಿಸಿ. ವರ್ಷಕ್ಕೊಮ್ಮೆ ತಣ್ಣೀರಿನಲ್ಲಿ ಉಣ್ಣೆಯ ಸೋಪಿನಿಂದ ಅದ್ದಿ ತೆಗೆದರೆ ಸಾಕು. ಬಿಸಿನೀರು ಮತ್ತು ಯಂತ್ರದ ತಿರುಗಾಟ ಸೇರಿದರೆ ಉಣ್ಣೆ ಕುಗ್ಗಿ ದಪ್ಪನೆಯ ಜಮಖಾನೆಯಂತಾಗುತ್ತದೆ. ಹಿಂಡದೆ ನೀರು ಬಸಿದು, ನೆರಳಿನಲ್ಲಿ ಸಮತಟ್ಟಾಗಿ ಒಣಗಿಸಿ. ನೆರಿಗೆಗಳಿಗೆ ಇಸ್ತ್ರಿ ಹಾಕಿ ಗೆರೆ ಮೂಡಿಸಬಾರದು, ಮುಂದಿನ ಬಾರಿ ನೆರಿಗೆ ಬೇರೆಡೆ ಬಂದಾಗ ಹಳೆಯ ಗೆರೆಗಳು ಎದ್ದು ಕಾಣುತ್ತವೆ.

ಉಣ್ಣೆ ತಿನ್ನುವ ಹುಳುಗಳಿಗೆ ಬೆವರು, ಅನ್ನಾಹಾರದ ಕಲೆಯಿರುವ ಬಟ್ಟೆ ಹೆಚ್ಚು ಇಷ್ಟ. ಆದ್ದರಿಂದ ದೀರ್ಘಕಾಲ ಎತ್ತಿಡುವಾಗ ಕೊಳೆಯಿರುವಂತೆಯೇ ಇಡಬೇಡಿ. ಹುಳು ಬಿದ್ದ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಹಿತ ಸಾಯುತ್ತವೆ. ಹ್ಯಾಂಗರಿನಲ್ಲಿ ತೂಗುಹಾಕದೆ ಮಡಿಸಿಡಿ, ನಾಲ್ಕಾರು ತಿಂಗಳಿಗೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಿಸಿ. ಬೆಲ್ಟನ್ನು ಬಟ್ಟೆಯ ಜೊತೆ ಸುತ್ತಿಡಬೇಡಿ, ತೇವ ತಾಗಿದರೆ ಚರ್ಮದ ಬಣ್ಣ ಉಣ್ಣೆಗೆ ಹತ್ತಿ ಮತ್ತೆ ಹೋಗುವುದಿಲ್ಲ.